ತಟ್ಟಿಗೆ ನೀರೆರೆದವರು, ಹತ್ತಿ ಹಿಂಜಿದವರು

ಹೋಳಿ ಹುಣ್ಣಿಮೆ ದಾಟುತ್ತಿದ್ದಂತೆ ಕಲಬುರ್ಗಿ, ರಾಯಚೂರು, ವಿಜಯಪುರದ ಮನೆಗಳಲ್ಲಿ ಒಂದು ಕೆಲಸ ಶುರುವಾಗುತ್ತದೆ. ಎಂಟು ತಿಂಗಳಿಂದ ಹಳೆಯ ಚಾದರ ಹೊದ್ದು ಮೂಲೆಯಲ್ಲಿ ನಿಂತಿದ್ದ ಕೂಲರ್ ಅಂಗಳಕ್ಕೆ ಬರುತ್ತದೆ. ಮೂರು ಬದಿಯ ಜಾಲರಿ ಬಿಚ್ಚಿ, ಕಳೆದ ವರ್ಷದ ಕಪ್ಪಾದ ಹುಲ್ಲನ್ನು ಕಿತ್ತೆಸೆದು ಹೊಸ ಹುಲ್ಲು ತುಂಬಬೇಕು. ತಳದ ತೊಟ್ಟಿಯಲ್ಲಿ ಗಟ್ಟಿಯಾದ ಉಪ್ಪಿನ ಪದರವನ್ನು ಕೆರೆಯಬೇಕು, ಪಂಪಿನ ಕೊಳವೆಯ ಕಸ ತೆಗೆಯಬೇಕು. ಇಷ್ಟೆಲ್ಲ ಮಾಡಿ ಸ್ವಿಚ್ ಒತ್ತಿದಾಗ ಹಸಿ ಹುಲ್ಲಿನ ವಾಸನೆ ಹೊತ್ತ ಮೊದಲ ಗಾಳಿ ಮುಖಕ್ಕೆ ಬಡಿಯುತ್ತದಲ್ಲ, ಆ ವಾಸನೆಗೆ ಸಾವಿರ ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ.

ನಮ್ಮ ಇತಿಹಾಸ ಪುಸ್ತಕಗಳು ಅರಮನೆಗಳ ಗೋಡೆ, ಗುಮ್ಮಟ, ಕಮಾನುಗಳನ್ನು ಎಷ್ಟೋ ಪುಟಗಳಲ್ಲಿ ವರ್ಣಿಸುತ್ತವೆ. ಆದರೆ ಆ ಗೋಡೆಗಳ ನಡುವೆ ಮೇ ತಿಂಗಳಲ್ಲಿ ಮನುಷ್ಯ ಹೇಗೆ ಬದುಕುತ್ತಿದ್ದ, ಜನವರಿಯ ರಾತ್ರಿಯಲ್ಲಿ ಏನು ಹೊದೆಯುತ್ತಿದ್ದ, ಅದಕ್ಕಾಗಿ ಪ್ರತಿವರ್ಷ ಯಾರು ಬಂದು ಏನು ಕೆಲಸ ಮಾಡಿಕೊಡುತ್ತಿದ್ದರು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದರೆ ಸಾಲುಗಳ ನಡುವೆ ಓದಬೇಕಾಗುತ್ತದೆ.

ಬಗ್ದಾದಿನಿಂದ ಆರಂಭಿಸೋಣ. ಆ ನಗರವನ್ನು ಕಟ್ಟಿಸಿದ ಅಬ್ಬಾಸಿ ಖಲೀಫ ಅಲ್ ಮನ್ಸೂರ್ (ಆಳ್ವಿಕೆ 754–775) ಬೇಸಿಗೆಯ ಮಧ್ಯಾಹ್ನಗಳನ್ನು ಹೇಗೆ ಕಳೆಯುತ್ತಿದ್ದನೆಂದು ಇತಿಹಾಸಕಾರ ತಬರಿ ಬರೆದಿಟ್ಟಿದ್ದಾನೆ. ಅದಕ್ಕೂ ಹಿಂದಿನ ಪಾರಸಿ ದೊರೆಗಳ ಪದ್ಧತಿಯೇ ಬೇರೆ. ಬೇಸಿಗೆಯಲ್ಲಿ ದೊರೆ ಮಲಗುವ ಕೋಣೆಯ ಮಾಳಿಗೆಗೆ ದಿನವೂ ಹೊಸದಾಗಿ ಹಸಿಮಣ್ಣು ಮೆತ್ತಲಾಗುತ್ತಿತ್ತು; ಕೋಣೆಯ ಸುತ್ತ ನೀರವಂಜಿಯ ಉದ್ದನೆಯ ಕೊಂಬೆಗಳನ್ನು ನಿಲ್ಲಿಸಿ, ನಡುನಡುವೆ ಮಂಜುಗಡ್ಡೆಯ ತುಂಡುಗಳನ್ನು ಇಡಲಾಗುತ್ತಿತ್ತು. ಮನ್ಸೂರನ ಕಾಲದಲ್ಲಿ ದಪ್ಪ ಬಟ್ಟೆಯನ್ನು ನೆನೆಸಿ ಚೌಕಟ್ಟಿಗೆ ಹೊದಿಸುವ ಉಪಾಯ ಬಂತು. ನಂತರ ಆ ಜಾಗಕ್ಕೆ ‘ಖೈಶ್’ ಎಂಬ ಒರಟು ನಾರಿನ ಬಟ್ಟೆ ಬಂದು, ಅರಮನೆಯಿಂದ ಊರಿನ ಮನೆಗಳಿಗೂ ಹರಡಿತು. ನೆನೆದ ಬಟ್ಟೆಯ ಮೂಲಕ ಹಾದು ಬರುವ ಒಣಗಾಳಿ ತಂಪಾಗುತ್ತದೆ ಎಂಬ ತತ್ವವೇ ಇಂದಿನ ಕೂಲರಿನದೂ.

ದಿನವೂ ಮಾಳಿಗೆಗೆ ಹಸಿಮಣ್ಣು ಮೆತ್ತುತ್ತಿದ್ದರು ಎಂದು ತಬರಿ ಬರೆಯುತ್ತಾನೆ. ಮೆತ್ತುತ್ತಿದ್ದವರು ಯಾರೆಂದು ಬರೆಯುವುದಿಲ್ಲ. ಬರೆಯಬೇಕೆಂದು ಅವನಿಗೆ ಅನ್ನಿಸಿರಲಿಕ್ಕೂ ಇಲ್ಲ. ಮುಂದಿನ ಸಾವಿರ ವರ್ಷದ ದಾಖಲೆಗಳೂ ಹೆಚ್ಚುಕಡಿಮೆ ಹೀಗೆಯೇ ಇವೆ.

ಹಿಂದೂಸ್ತಾನಕ್ಕೆ ಬಂದ ಬಾಬರನಿಗೆ ಇಲ್ಲಿನ ಸೆಕೆ ಸಹಿಸಲಾಗಲಿಲ್ಲ. 1526ರ ಬೇಸಿಗೆಯಲ್ಲಿ ಅವನ ಸೈನಿಕರೇ ಊರಿಗೆ ಮರಳೋಣ ಎಂದು ಹಟ ಹಿಡಿದಿದ್ದರು. ಈ ದೇಶದಲ್ಲಿ ಏನೇನಿಲ್ಲ ಎಂದು ಅವನು ತನ್ನ ಆತ್ಮಕತೆಯಲ್ಲಿ ಮಾಡಿದ ಪಟ್ಟಿ ಪ್ರಸಿದ್ಧ. ಮಂಜುಗಡ್ಡೆಯಿಲ್ಲ, ತಣ್ಣೀರಿಲ್ಲ, ಹಮ್ಮಾಮ್ ಇಲ್ಲ, ಒಳ್ಳೆಯ ಕರಬೂಜವಿಲ್ಲ. ಆಗ್ರಾದಲ್ಲಿ ತೋಟ ಮಾಡಿಸಿ ಅದರೊಳಗೊಂದು ಹಮ್ಮಾಮ್ ಕಟ್ಟಿಸಿದ ಮೇಲೆಯೇ ಅವನಿಗೆ ಸಮಾಧಾನ. ಸೆಕೆ, ಬಿರುಗಾಳಿ, ಧೂಳು ಈ ಮೂರರಿಂದಲೂ ಹಮ್ಮಾಮ್ ಕಾಪಾಡುತ್ತದೆ, ಬೇಸಿಗೆಯಲ್ಲಿ ಒಳಗೆ ಚಳಿಯಾಗುವಷ್ಟು ತಂಪಿರುತ್ತದೆ ಎನ್ನುತ್ತಾನೆ. ಹಮ್ಮಾಮ್ ಎಂದರೆ ಬಿಸಿನೀರಿನ ಸ್ನಾನಗೃಹವೆಂದಷ್ಟೇ ತಿಳಿದ ನಮಗೆ ಇದು ವಿಚಿತ್ರವೆನಿಸಬಹುದು. ದಪ್ಪ ಗೋಡೆ, ಸಣ್ಣ ಬೆಳಕಿಂಡಿ, ಹರಿಯುವ ನೀರು ಇರುವ ಕಟ್ಟಡಕ್ಕೆ ಚಳಿಗಾಲದಲ್ಲಿ ಬೆಂಕಿ ಹಾಕಿದರೆ ಬೆಚ್ಚಗೆ, ಬೇಸಿಗೆಯಲ್ಲಿ ಬೆಂಕಿ ಆರಿಸಿದರೆ ತಂಪು. ಒಂದೇ ಕೋಣೆ ಎರಡು ಕಾಲಕ್ಕೆ. ಬೀದರ್ ಕೋಟೆಯೊಳಗಿನ ಹಳೆಯ ಹಮ್ಮಾಮಿನಲ್ಲಿ ಪುರಾತತ್ವ ವಸ್ತುಸಂಗ್ರಹಾಲಯವಿದೆ. ಬಿಸಿಲಲ್ಲಿ ಕೋಟೆ ಸುತ್ತಿ ಅದರೊಳಗೆ ಕಾಲಿಟ್ಟವರಿಗೆ ಬಾಬರನ ಮಾತು ಹೆಚ್ಚು ವಿವರಣೆ ಬೇಡುವುದಿಲ್ಲ.

ಬಾಬರನ ಮೊಮ್ಮಗ ಅಕ್ಬರನ ಕಾಲಕ್ಕೆ ಪಟ್ಟಿಯಲ್ಲಿದ್ದ ಕೊರತೆಗಳೆಲ್ಲ ನೀಗಿದ್ದವು. ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿ ಇದಕ್ಕೆಂದೇ ಇದ್ದ ಆಬ್ದಾರ್ ಖಾನೆಯ ವಿವರಗಳಿವೆ. ಮದ್ದಿನ ಪುಡಿಗೆ ಬಳಸುವ ಪೆಟ್ಲುಪ್ಪನ್ನು ನೀರಿಗೆ ಹಾಕಿದರೆ ಆ ನೀರು ತಣ್ಣಗಾಗುತ್ತದೆ. ಅದರಲ್ಲಿ ಕುಡಿಯುವ ನೀರಿನ ಹೂಜಿಯನ್ನು ಮುಳುಗಿಸಿ ತಿರುಗಿಸುತ್ತಿದ್ದರು. ಅಕ್ಬರನ ಆಳ್ವಿಕೆಯ 30ನೇ ವರ್ಷದಲ್ಲಿ ದರ್ಬಾರು ಪಂಜಾಬಿಗೆ ಹೋದ ಮೇಲೆ, ಲಾಹೋರಿನಿಂದ ಸುಮಾರು 45 ಕೋಸು ದೂರದ ಬೆಟ್ಟಗಳಿಂದ ಹಿಮ ತರಿಸುವುದು ರೂಢಿಯಾಯಿತು. ಇದಕ್ಕೆ ಹತ್ತು ದೋಣಿಗಳಿದ್ದವು, ಪ್ರತಿ ದೋಣಿಗೆ ನಾಲ್ವರು ಅಂಬಿಗರು, ದಿನಕ್ಕೊಂದು ದೋಣಿ ಊರು ಮುಟ್ಟುತ್ತಿತ್ತು. ರೂಪಾಯಿಗೆ ಎರಡು ಮೂರು ಸೇರು ಮಂಜು. ಲೆಕ್ಕದಲ್ಲಿ ಅಬುಲ್ ಫಜಲನನ್ನು ಮೀರಿಸಿದವರಿಲ್ಲ. ಅಂಬಿಗರ ಸಂಖ್ಯೆಯಿದೆ, ಹೆಸರುಗಳಿಲ್ಲ.

ಆತನೇ ಹೇಳುವ ಇನ್ನೊಂದು ಸಂಗತಿ ಖಸ್ ಗುಡಿಸಲಿನದು. ನಮ್ಮ ಲಾವಂಚವನ್ನೇ ಉರ್ದು, ಪಾರಸಿಯಲ್ಲಿ ಖಸ್ ಎನ್ನುತ್ತಾರೆ. ಬಿದಿರಿನ ಚೌಕಟ್ಟಿಗೆ ಲಾವಂಚದ ಬೇರನ್ನು ತುಂಬಿ ಗುಡಿಸಲು ಕಟ್ಟಿಸಲು ಅಕ್ಬರ್ ಅಪ್ಪಣೆ ಮಾಡಿದ. ಅದಕ್ಕೆ ನೀರು ಸುರಿದರೆ ಬೇಸಿಗೆಯ ನಡುವೆಯೇ ಚಳಿಗಾಲ ಬಂದಂತಾಗುತ್ತದೆ ಎಂದು ಅಬುಲ್ ಫಜಲ್ ಸಂತೋಷದಿಂದ ಬರೆಯುತ್ತಾನೆ. ಇದರ ಹಿಂದಿನ ವಿಜ್ಞಾನ ಸರಳ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು. ಆ ಶಾಖವನ್ನು ಅದು ಸುತ್ತಲಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ಏಳು ಕಿಲೋ ಮಂಜುಗಡ್ಡೆ ಕರಗುವಾಗ ಹೀರುವ ಶಾಖಕ್ಕಿಂತಲೂ ಇದು ಹೆಚ್ಚು. ಆದರೆ ಗಾಳಿ ಒಣಗಿರಬೇಕು. ಮಂಗಳೂರು, ಭಟ್ಕಳದ ಗಾಳಿಯಲ್ಲಿ ಆಗಲೇ ನೀರಿನ ಅಂಶ ತುಂಬಿರುವುದರಿಂದ ಅಲ್ಲಿ ತಟ್ಟಿ ಕಟ್ಟಿದರೆ ಗೋಡೆಗೆ ಬೂಸಲು ಹಿಡಿದೀತೇ ಹೊರತು ತಂಪಾಗದು. ಕರಾವಳಿಯವರು ಇಳಿಜಾರು ಹೆಂಚಿನ ಮಾಡು, ಉದ್ದನೆಯ ಜಗಲಿಯನ್ನು ನೆಚ್ಚಿದ್ದು ಅದಕ್ಕೇ. ಖಸ್ ತಟ್ಟಿ ದೆಹಲಿ, ಆಗ್ರಾ, ಹೈದರಾಬಾದುಗಳ ಒಣ ಸೆಕೆಯ ಸಂಗಾತಿ.

ತಟ್ಟಿ ಒಮ್ಮೆ ಕಟ್ಟಿ ಮರೆಯುವ ವಸ್ತುವಲ್ಲ. ಬೇರು ಒಂದು ಬೇಸಿಗೆಯಲ್ಲಿ ಕೊಳೆತು ಸುವಾಸನೆ ಕಳೆದುಕೊಳ್ಳುತ್ತದೆ. ಪ್ರತಿವರ್ಷ ಹೊಸ ಬೇರು ತಂದು, ತೊಳೆದು, ಬಿದಿರಿನ ಸಲಾಕೆಗಳ ನಡುವೆ ಹೆಣೆಯಬೇಕು. ಗಾಳಿ ಬರುವ ದಿಕ್ಕಿನ ಬಾಗಿಲಿಗೆ ಅಳತೆ ಹೊಂದಿಸಿ ಕಟ್ಟಬೇಕು. ಅದಕ್ಕಿಂತ ಮುಖ್ಯವಾಗಿ, ಬಿಸಿಲೇರಿದಾಗಿನಿಂದ ಸಂಜೆಯವರೆಗೆ ಯಾರಾದರೂ ಹೊರಗೆ ನಿಂತು ಅದರ ಮೇಲೆ ನೀರೆರಚುತ್ತಲೇ ಇರಬೇಕು. ಒಳಗೆ ತಂಪು ಬೇಕಾದರೆ ಹೊರಗೆ ಒಬ್ಬ ಬಿಸಿಲಲ್ಲಿ ನಿಲ್ಲಲೇಬೇಕು.

ಆತ ಭಿಶ್ತಿ. ಮೇಕೆಯ ಚರ್ಮದ ಮಶಕವನ್ನು ಸೊಂಟಕ್ಕೆ ಇಳಿಬಿಟ್ಟು, ಅದರ ಬಾಯಿಯನ್ನು ಎಡಗೈಯಲ್ಲಿ ಹಿಸುಕಿ ಹಿಡಿದ ನೀರುಹೊರುವವ. ನಮ್ಮ ದಖನ್ನಿನಲ್ಲಿ ಪಖಾಲ್ ಎಂಬ ದೊಡ್ಡ ತೊಗಲಿನ ಚೀಲವನ್ನು ಎತ್ತಿನ ಮೇಲೆ ಹೇರುತ್ತಿದ್ದುದರಿಂದ ಪಖಾಲಿ ಎಂಬ ಹೆಸರೂ ಇದೆ. ಭಿಶ್ತಿ ಎಂಬುದು ‘ಬಿಹಿಶ್ತಿ’ಯಿಂದ ಬಂದ ಮಾತು. ಬಿಹಿಶ್ತ್ ಎಂದರೆ ಸ್ವರ್ಗ, ಬಿಹಿಶ್ತಿ ಎಂದರೆ ಸ್ವರ್ಗದವನು. ಬಾಯಾರಿದವನಿಗೆ ನೀರು ಕೊಡುವವನಿಗೆ ಇದಕ್ಕಿಂತ ಗೌರವದ ಹೆಸರು ಬೇರೆ ಭಾಷೆಯಲ್ಲಿ ಇದೆಯೋ ಇಲ್ಲವೋ! ಹೆಸರಿನಲ್ಲಿದ್ದ ಈ ಗೌರವ ಊಟದ ಪಂಕ್ತಿಯಲ್ಲಿ, ಮದುವೆ ಸಂಬಂಧದಲ್ಲಿ ಅವರಿಗೆ ಸಿಕ್ಕಿತೇ ಎಂದು ಕೇಳಿದರೆ ನಾವು ಮುಸ್ಲಿಮರೂ ತಲೆ ತಗ್ಗಿಸಬೇಕಾದೀತು.

ಇತಿಹಾಸದಲ್ಲಿ ಒಬ್ಬನೇ ಒಬ್ಬ ಭಿಶ್ತಿಯ ಹೆಸರು ದೊಡ್ಡದಾಗಿ ಉಳಿದಿದೆ. 1539ರ ಜೂನ್‌ನಲ್ಲಿ ಚೌಸಾದಲ್ಲಿ ಶೇರ್ ಖಾನನಿಗೆ ಸೋತ ಹುಮಾಯೂನ್ ಗಂಗೆಗೆ ಹಾರಿದಾಗ, ಗಾಳಿ ತುಂಬಿದ ಮಶಕದ ಮೇಲೆ ಅವನನ್ನು ತೇಲಿಸಿ ದಡ ಸೇರಿಸಿದವನು ನಿಜಾಮ್ ಎಂಬ ಭಿಶ್ತಿ. ಆಗ್ರಾಕ್ಕೆ ಮರಳಿದ ಮೇಲೆ ಹುಮಾಯೂನ್ ಮಾತಿನಂತೆ ಅವನನ್ನು ಸಿಂಹಾಸನದ ಮೇಲೆ ಕೂರಿಸಿದ. ಹುಮಾಯೂನನ ತಂಗಿ ಗುಲ್‌ಬದನ್ ಬೇಗಂ ಎರಡು ದಿನ ಎನ್ನುತ್ತಾಳೆ, ಬೇರೆಯವರು ಕೆಲವೇ ಗಂಟೆ ಎನ್ನುತ್ತಾರೆ. ಹುಮಾಯೂನನ ತಮ್ಮಂದಿರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಅಜ್ಮೀರ್ ದರ್ಗಾದ ಆವರಣದಲ್ಲಿ ನಿಜಾಮ್ ಸಿಕ್ಕಾನದೆಂದು ತೋರಿಸುವ ಗೋರಿ ಇದೆ. ಸಿಕ್ಕಾ ಎಂದರೆ ನಾಣ್ಯವಲ್ಲ, ಅರಬಿಯ ‘ಸಖ್ಖಾ’, ಅಂದರೆ ನೀರು ಹೊರುವವ. ಆದರೆ ಜನ ಅದನ್ನು ನಾಣ್ಯವೆಂದೇ ತಿಳಿದು, ಅವನು ಚರ್ಮದ ನಾಣ್ಯ ಹೊರಡಿಸಿದ ಎಂದು ಕತೆ ಕಟ್ಟಿದ್ದಾರೆ. ಹುಮಾಯೂನನ ಮಗನ ಖಸ್ ಗುಡಿಸಲಿಗೆ ದಿನವಿಡೀ ನೀರೆರಚಿದವರಿಗೆ ಕತೆಯೂ ಇಲ್ಲ, ಗೋರಿಯೂ ಇಲ್ಲ.

ಇಂಗ್ಲಿಷರು ಬಂದಾಗ ಈ ವ್ಯವಸ್ಥೆಯನ್ನು ಹಾಗೆಯೇ ತಮ್ಮ ಬಂಗಲೆಗಳಿಗೆ ತೆಗೆದುಕೊಂಡರು. ತಟ್ಟಿ, ಭಿಶ್ತಿ, ಆಬ್ದಾರ್ ಎಂಬ ಮಾತುಗಳನ್ನೂ ಬದಲಾಯಿಸಲಿಲ್ಲ. 18ನೇ ಶತಮಾನದ ಕೊನೆಯ ಹೊತ್ತಿಗೆ ಮಾಳಿಗೆಯಿಂದ ತೂಗುವ ಬಟ್ಟೆಯ ಪಂಖಾ ಬಳಕೆಗೆ ಬಂತು, ಅದರ ಹಗ್ಗ ಎಳೆಯಲು ಜಗಲಿಯಲ್ಲಿ ಒಬ್ಬ ಕೂಲಿ. ಗಾಳಿ ಬೀಸದ ದಿನ ತಟ್ಟಿ ನಿರುಪಯುಕ್ತವಾದ್ದರಿಂದ ‘ಥರ್ಮಾಂಟಿಡೋಟ್’ ಎಂಬ ದೊಡ್ಡ ಮರದ ಪೆಟ್ಟಿಗೆ ಬಂತು. ಬದಿಗಳಿಗೆ ಖಸ್, ಒಳಗೆ ಕೈಯಿಂದ ತಿರುಗಿಸುವ ರೆಕ್ಕೆಗಳು. ತಿರುಗಿಸುವವನ ಜಾಗದಲ್ಲಿ ವಿದ್ಯುತ್ ಮೋಟಾರು, ನೀರೆರಚುವವನ ಜಾಗದಲ್ಲಿ ಪಂಪು ಇಟ್ಟರೆ ನಮ್ಮ ಕೂಲರ್ ಸಿದ್ಧ.

ಅದೇ ಕಾಲದ ಇನ್ನೊಂದು ಕಸುಬು ಈಗ ಸಂಪೂರ್ಣ ಮರೆತುಹೋಗಿದೆ. ಬಯಲುಸೀಮೆಯಲ್ಲೇ ಮಂಜುಗಡ್ಡೆ ಬೆಳೆಯುವ ಕಸುಬು. ಬೆಳೆಯುವುದು ಎಂದೇ ಹೇಳಬೇಕು. ಸರ್ ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ವಿವರಿಸಿದ. ಅಲಹಾಬಾದಿನಂಥ (ಇಂದಿನ ಪ್ರಯಾಗ್‌ರಾಜ್) ಊರುಗಳ ಹೊರಗೆ ಬಯಲಿನಲ್ಲಿ ಎರಡಡಿ ಆಳದ ಅಗಲ ಗುಂಡಿ ತೋಡಿ, ಅದರಲ್ಲಿ ಕಬ್ಬಿನ ಅಥವಾ ಜೋಳದ ಒಣದಂಟನ್ನು ಹಾಸುತ್ತಿದ್ದರು. ಅದರ ಮೇಲೆ ಸಣ್ಣ ಸಣ್ಣ ಮಣ್ಣಿನ ತಟ್ಟೆಗಳನ್ನು ಒತ್ತೊತ್ತಾಗಿ ಜೋಡಿಸಿ, ಕಾಯಿಸಿ ಆರಿಸಿದ ನೀರು ತುಂಬಿಸಿದರೆ, ಮೋಡವಿಲ್ಲದ, ಗಾಳಿಯಿಲ್ಲದ ಚಳಿಗಾಲದ ರಾತ್ರಿ ತಟ್ಟೆಯಲ್ಲಿ ಮಂಜು ಕಟ್ಟುತ್ತಿತ್ತು. ಊರಿನ ಗಾಳಿ ಹೆಪ್ಪುಗಟ್ಟುವಷ್ಟು ತಣ್ಣಗಿರದಿದ್ದರೂ ಇದು ಸಾಧ್ಯ. ತಟ್ಟೆಯ ನೀರು ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಡುತ್ತದೆ, ಕೆಳಗಿನ ಒಣದಂಟು ನೆಲದ ಶಾಖ ಮೇಲೇರದಂತೆ ತಡೆಯುತ್ತದೆ. ಇಬ್ಬನಿ ಹೇಗೆ ಬೀಳುತ್ತದೆಂದು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯ ಬರೆದದ್ದು 1814ರಲ್ಲಿ, ಆಗಲೇ ವಿದ್ವಾಂಸರಿಗೆ ಇದರ ಗುಟ್ಟು ಅರ್ಥವಾದದ್ದು. ಮಂಜು ಬೆಳೆಯುವವರಿಗೆ ಅದು ಕೈಕೆಲಸವಾಗಿ ಮೊದಲೇ ಗೊತ್ತಿತ್ತು.

ಸೂರ್ಯ ಹುಟ್ಟುವ ಮೊದಲೇ ಆ ಸಾವಿರಾರು ತಟ್ಟೆಗಳ ತೆಳು ಮಂಜನ್ನು ಕೆರೆದು, ಹುಲ್ಲು, ಕಂಬಳಿ ಹಾಸಿದ ಆಳದ ಹಗೇವಿಗೆ ತುಂಬಿಸಿ, ಬಡಿದು ಗಟ್ಟಿ ಮಾಡಿ ಮುಚ್ಚಿಡಬೇಕು. ಮೇ ತಿಂಗಳಲ್ಲಿ ಸಾಹೇಬರ ಲೋಟಕ್ಕೆ ಬೀಳುತ್ತಿದ್ದುದು ಈ ಜನವರಿಯ ಮಂಜು. ಅಲಹಾಬಾದಿನಲ್ಲಿ ವಾಸವಿದ್ದ ಫ್ಯಾನಿ ಪಾರ್ಕ್ಸ್ ಎಂಬ ಮಹಿಳೆ 1850ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಈ ಹಗೇವುಗಳ ಬಗ್ಗೆ ಬರೆದಿದ್ದಾಳೆ. ಆ ಹೊತ್ತಿಗೆ ಅಮೆರಿಕದ ಮಂಜು ಬಂದಾಗಿತ್ತು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಕೆರೆಗಳ ಮಂಜನ್ನು ಕತ್ತರಿಸಿ ಹಡಗಿನಲ್ಲಿ ಕಳಿಸಿದ. 1833ರಲ್ಲಿ ‘ಟಸ್ಕನಿ’ ಎಂಬ ಹಡಗು ನಾಲ್ಕು ತಿಂಗಳ ಪ್ರಯಾಣದ ನಂತರ ಸುಮಾರು ನೂರು ಟನ್ ಮಂಜಿನೊಡನೆ ಕಲ್ಕತ್ತ ಸೇರಿತು. ಮದ್ರಾಸಿನ ಕಡಲತೀರದಲ್ಲಿ ಅವನ ಮಂಜು ಇಡಲು ಕಟ್ಟಿದ ಕಟ್ಟಡ ಇಂದಿಗೂ ಇದೆ. ಬಿಳಿಗಿರಿ ಅಯ್ಯಂಗಾರ್ ಎಂಬ ವಕೀಲರ ಮನೆಯಾಗಿ, 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಜಾಗವಾಗಿ, ಈಗ ಅವರ ಹೆಸರಿನ ಸ್ಮಾರಕವಾಗಿದೆ. ಟ್ಯೂಡರನ ಮಂಜು ಅಲಹಾಬಾದಿನ ತಟ್ಟೆಗಳ ಮಂಜಿಗಿಂತ ಗಟ್ಟಿ, ಸ್ವಚ್ಛ. ಕೊನೆಗೆ ಯಂತ್ರದ ಮಂಜು ಬಂದು ಟ್ಯೂಡರನ ವ್ಯಾಪಾರವನ್ನೂ ಮುಳುಗಿಸಿತು. ಟ್ಯೂಡರನ ಬಗ್ಗೆ ಪುಸ್ತಕಗಳಿವೆ. ತಟ್ಟೆಗಳ ಮುಂದೆ ಕೈ ಮರಗಟ್ಟಿಸಿಕೊಂಡವರ ಬಗ್ಗೆ ಒಂದೂ ಇಲ್ಲ.

ನಮ್ಮ ನೆಲದ ಮಾತಿಗೆ ಬರುವುದಾದರೆ, ವಿಜಯಪುರದ ಆದಿಲ್‌ಶಾಹಿ ಅರಸರು ಮಂಜು ತರಿಸಲು ಹೋಗಲಿಲ್ಲ, ನೀರು ತರಿಸಿದರು. ತೊರವಿಯಿಂದಲೂ 1651ರಲ್ಲಿ ಮಹಮ್ಮದ್ ಆದಿಲ್ ಷಾ ಕಟ್ಟಿಸಿದ ಬೇಗಂ ತಾಲಾಬಿನಿಂದಲೂ ನೆಲದಡಿಯ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ಅರಮನೆಗಳ ಮುಂದಿನ ಹೌಜುಗಳು, ಕಾರಂಜಿಗಳು, ನೀರಿನ ನಡುವೆ ನಿಂತ ಜಲಮಂದಿರ ಎಲ್ಲವೂ ಇದನ್ನೇ ನಂಬಿದ್ದವು. ದಾರಿಯುದ್ದಕ್ಕೂ ಕಾಣುವ ‘ಗಂಜ್’ ಎಂಬ ಗೋಪುರಗಳು ನೀರಿನ ಒತ್ತಡವನ್ನು ತಗ್ಗಿಸುವುದಲ್ಲದೆ, ಹೂಳು ತಳದಲ್ಲಿ ಉಳಿಯುವಂತೆ ಮಾಡುತ್ತಿದ್ದವು. ಹೂಳು ಉಳಿದರೆ ಅದನ್ನು ಒಬ್ಬರು ಇಳಿದು ತೆಗೆಯಬೇಕಲ್ಲ. ಬೀದರಿನ ನೌಬಾದ್ ಕರೇಜ್ ಸುರಂಗವೂ ಅಷ್ಟೆ. ಇರಾನಿನಲ್ಲಿ ಈ ಸುರಂಗಗಳಿಗೆ ಇಳಿದು ಹೂಳು ತೆಗೆಯುವುದು ‘ಮುಖನ್ನಿ’ಗಳೆಂಬವರ ವಂಶಪಾರಂಪರ್ಯ ಕಸುಬು. ನಮ್ಮಲ್ಲಿ ಆ ಕಸುಬಿನವರು ಉಳಿಯದೆ ಸುರಂಗ ಮುಚ್ಚಿಹೋಗಿ, ಈಚಿನ ವರ್ಷಗಳಲ್ಲಷ್ಟೇ ಹೂಳು ತೆಗೆಯುವ ಕೆಲಸ ನಡೆಯಿತು.

ಬಡವರ ಮನೆಗೆ ಹೌಜೂ ಇಲ್ಲ, ಖಸ್ಸೂ ಇಲ್ಲ. ಬಿಸಿಲುನಾಡಿನ ಬಡವನಿಗಿದ್ದ ತಂಪು ಎಂದರೆ ಮಣ್ಣಿನ ಮಾಳಿಗೆ. ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಒಂದಡಿ ಮಣ್ಣು, ನಡುವೆ ಬೆಳಕಿಂಡಿ. ಮಳೆಗೆ ಮೊದಲು ಮಾಳಿಗೆ ಹತ್ತಿ, ಹುಲ್ಲು ಕಿತ್ತು, ಕರ್ಲು ಮಣ್ಣು ಹಾಕಿ ತುಳಿದು ಗಟ್ಟಿ ಮಾಡುವುದು ಮನೆಮಂದಿಯೆಲ್ಲರ ಕೆಲಸ. ಅದನ್ನು ಒಂದು ವರ್ಷ ತಪ್ಪಿಸಿದರೆ ಮನೆ ಸೋರುತ್ತದೆ, ನಾಲ್ಕು ವರ್ಷ ತಪ್ಪಿಸಿದರೆ ಕುಸಿಯುತ್ತದೆ. ಪಾರಸಿ ದೊರೆಯ ಹಸಿಮಣ್ಣಿನ ಮಾಳಿಗೆಯನ್ನು ತಬರಿಯಲ್ಲಿ ಓದಿದಾಗ ನನಗೆ ನೆನಪಾದದ್ದು ಈ ಮನೆಗಳೇ. ಈಗ ಅವುಗಳ ಜಾಗದಲ್ಲಿ ತಗಡು, ಸಿಮೆಂಟ್ ಮಾಳಿಗೆಗಳು ಬಂದಿವೆ. ಮಣ್ಣು ಹಾಕುವ ಕಷ್ಟ ತಪ್ಪಿತು, ಮಧ್ಯಾಹ್ನ ಒಳಗೆ ಕೂರುವುದೂ ತಪ್ಪಿತು.

ಇದಿಷ್ಟು ತಂಪಿನ ಮಾತಾಯಿತು. ಚಳಿಗಾಲದ ಬೆಚ್ಚನೆಯನ್ನು ಮನೆಗೆ ತರುತ್ತಿದ್ದವನು ಪಿಂಜಾರ. ದೀಪಾವಳಿಯ ಆಸುಪಾಸು ಹೆಗಲ ಮೇಲೆ ಆಳೆತ್ತರದ ಬಿಲ್ಲು ಹೊತ್ತು ಅವನು ಓಣಿಗೆ ಬರುತ್ತಿದ್ದುದು ಐವತ್ತು ದಾಟಿದವರಿಗೆ ನೆನಪಿರಬಹುದು. ಹಳೆಯ ಗಾದಿ, ರಜಾಯಿಗಳನ್ನು ಬಿಚ್ಚಿ ಹತ್ತಿಯನ್ನು ಅಂಗಳದಲ್ಲಿ ಹರವುತ್ತಿದ್ದ. ಬಿಲ್ಲಿನ ನರದ ಹೆದೆಯನ್ನು ಹತ್ತಿಯೊಳಗೆ ಇಳಿಸಿ ಮರದ ಕೊಡತಿಯಿಂದ ಮೀಟಿದರೆ ‘ಟೊಂಯ್’ ಎಂಬ ನಾದ. ಮುದ್ದೆಗಟ್ಟಿದ ಹತ್ತಿ ಎಳೆಎಳೆಯಾಗಿ ಹಾರಿ ಮೋಡದಂತೆ ಗುಡ್ಡೆ ಬೀಳುತ್ತಿತ್ತು. ಮಕ್ಕಳಿಗೆ ಅದೊಂದು ಹಬ್ಬ. ಹತ್ತಿ ತಾನಾಗಿ ಬೆಚ್ಚಗಿರುವುದಿಲ್ಲ, ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಶಾಖ ಹೊರಹೋಗದಂತೆ ತಡೆಯುತ್ತದೆ. ವರ್ಷವಿಡೀ ಮಲಗಿ, ಬೆವರಿ, ತುಳಿದ ಹತ್ತಿ ಅಪ್ಪಚ್ಚಿಯಾಗಿ ಆ ಗಾಳಿಯನ್ನು ಕಳೆದುಕೊಳ್ಳುತ್ತದೆ. ಪಿಂಜಾರ ಮಾಡುತ್ತಿದ್ದುದು ಆ ಗಾಳಿಯನ್ನು ಮರಳಿ ತುಂಬುವ ಕೆಲಸ. ಬಂಡವಾಳ ಬಿಲ್ಲು ಮತ್ತು ಕೊಡತಿ, ಕೂಲಿ ಕೆಲವೊಮ್ಮೆ ಜೋಳ, ಬಳುವಳಿ ಮಾತ್ರ ಎದೆಯೊಳಗಿನ ಹತ್ತಿಯ ಧೂಳು.

ಕರ್ನಾಟಕದಲ್ಲಿ ಪಿಂಜಾರ, ನದಾಫ್ ಎಂದು ಕರೆಸಿಕೊಳ್ಳುವ ಇವರನ್ನು ಆಂಧ್ರದಲ್ಲಿ ದೂದೇಕುಲ ಎನ್ನುತ್ತಾರೆ. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಏಳು ಸಂಪುಟಗಳ ಜಾತಿ ಕೋಶದಲ್ಲಿ ಆ ಹೆಸರಿನಲ್ಲಿ ಇವರ ವಿವರವಿದೆ. ನದ್ದಾಫ್ ಎಂಬುದು ಅರಬಿ ಶಬ್ದ, ಅರ್ಥ ಹತ್ತಿ ಹಿಂಜುವವ. ಅದೇ ಅರ್ಥದ ಇನ್ನೊಂದು ಅರಬಿ ಶಬ್ದ ಇಡೀ ಜಗತ್ತಿಗೆ ಗೊತ್ತಿದೆ, ಆದರೆ ಅದು ಕಸುಬಿನ ಹೆಸರೆಂದು ಹೆಚ್ಚಿನವರಿಗೆ ಗೊತ್ತಿಲ್ಲ: ಹಲ್ಲಾಜ್. 922ರಲ್ಲಿ ಬಗ್ದಾದಿನಲ್ಲಿ ಗಲ್ಲಿಗೇರಿದ ಸೂಫಿ ಮನ್ಸೂರ್ ಹಲ್ಲಾಜ್. ಹತ್ತಿ ಹಿಂಜುವವನೊಬ್ಬನನ್ನು ತನ್ನ ಕೆಲಸಕ್ಕೆ ಕಳಿಸಿ, ಅವನು ಮರಳುವಷ್ಟರಲ್ಲಿ ಅಂಗಡಿಯ ಹತ್ತಿಯನ್ನೆಲ್ಲ ಬಿಡಿಸಿಟ್ಟಿದ್ದರಿಂದ ಈ ಹೆಸರು ಬಂತೆಂಬ ಕತೆಯೊಂದಿದೆ. ಖೈಶ್ ನೆನೆಸಿ ಖಲೀಫರ ಸೆಕೆ ಕಳೆದ ಅದೇ ನಗರ, ಹಲ್ಲಾಜನೆಂಬ ಕಸುಬಿನ ಹೆಸರನ್ನು ಹುತಾತ್ಮನ ಹೆಸರಾಗಿಸಿತು.

ನಮ್ಮ ಪಿಂಜಾರರಲ್ಲಿ ಅನೇಕರ ಮನೆಮಾತು ಕನ್ನಡ. ಉರ್ದು ಬಲ್ಲವರು ಇವರನ್ನು ಪೂರ್ತಿ ತಮ್ಮವರೆಂದು ಒಪ್ಪಿಕೊಳ್ಳಲಿಲ್ಲ, ಊರಿನ ಉಳಿದವರಿಗೆ ಇವರು ಸಾಬರೇ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 1ರಲ್ಲಿ ಇವರ ಹೆಸರು ಸೇರಿತು. ಕಸುಬು ಮಾತ್ರ ಅಷ್ಟು ಹೊತ್ತಿಗೆ ಕೈಜಾರುತ್ತಿತ್ತು. ಮೊದಲು ವಿದ್ಯುತ್ತಿನ ಹಿಂಜುವ ಯಂತ್ರ ಬಂತು, ಆಮೇಲೆ ಫೋಮಿನ ಹಾಸಿಗೆ, ಆಮೇಲೆ ಪಾಲಿಯೆಸ್ಟರ್ ರಗ್ಗು. ಭಿಶ್ತಿಯ ಮಶಕವನ್ನು ನಲ್ಲಿ ಹೇಗೆ ಕಸಿಯಿತೋ ಪಿಂಜಾರನ ಬಿಲ್ಲನ್ನು ಫೋಮ್ ಹಾಗೆ ಕಸಿಯಿತು. ನೇಕಾರರ ಮಗ್ಗ ನಿಂತಾಗ ಸರ್ಕಾರಗಳು ಸಮಿತಿ ಮಾಡಿದವು, ವರದಿ ಬಂದವು. ಮನೆಮನೆಗೆ ಒಬ್ಬೊಬ್ಬರಾಗಿ ಬರುತ್ತಿದ್ದ ಈ ಜನ ಬರುವುದನ್ನು ನಿಲ್ಲಿಸಿದಾಗ ಅದು ಯಾರ ಗಮನಕ್ಕೂ ಬರಲಿಲ್ಲ. ಎಷ್ಟೋ ಮಂದಿ ಹಮಾಲಿಗೆ, ಗಾರೆ ಕೆಲಸಕ್ಕೆ, ತಳ್ಳುಗಾಡಿಗೆ ಹೋದರು.

ಕೆಲವರು ಕಸುಬನ್ನು ಬೇರೆ ರೂಪದಲ್ಲಿ ಹಿಡಿದುಕೊಂಡಿದ್ದಾರೆ. ಚಳಿ ಶುರುವಾಗುವ ಹೊತ್ತಿಗೆ ನಮ್ಮ ಕಡೆಯ ಊರುಗಳಲ್ಲಿ, ಹಿಂಜುವ ಯಂತ್ರವನ್ನು ಟೆಂಪೊ ಮೇಲೆ ಕೂರಿಸಿಕೊಂಡು, ಹಳೆಯ ಗಾದಿಗಳನ್ನು ಮನೆ ಮುಂದೆಯೇ ಹೊಸದು ಮಾಡಿಕೊಡುತ್ತೇವೆಂದು ಮೈಕಿನಲ್ಲಿ ಕೂಗುತ್ತಾ ಬರುವವರಿದ್ದಾರೆ. ಬಿಲ್ಲಿನ ನಾದದ ಜಾಗದಲ್ಲಿ ಮೋಟಾರಿನ ಗರಗರ. ಕಳೆದ ನವೆಂಬರಿನಲ್ಲಿ ನಮ್ಮ ಓಣಿಗೂ ಒಂದು ಟೆಂಪೊ ಬಂದಿತ್ತು. ಅಮ್ಮೀ ಮೂವತ್ತು ವರ್ಷದ ಹಳೆಯ ಗಾದಿಯನ್ನು ಹೊರಗೆಳೆದು ಹಾಕಿ, ಯಂತ್ರದ ಪಕ್ಕ ನಿಂತಿದ್ದ ಹುಡುಗನಿಗೆ ಚಾ ಕೊಟ್ಟು, “ನಿಮ್ಮದು ಯಾವ ಊರು ಬೇಟಾ, ನಿಮ್ಮ ಅಜ್ಜನ ಹೆಸರೇನು?” ಎಂದು ಕೇಳಿದಳು. ಅವನು ಹೇಳಿದ. ಮೂತಿಗೆ ಕಟ್ಟಿದ್ದ ಬಟ್ಟೆಯನ್ನು ಕೆಳಗಿಳಿಸಿ ಚಾ ಕುಡಿದು, ಮತ್ತೆ ಬಟ್ಟೆ ಏರಿಸಿಕೊಂಡು ಮೋಟಾರು ಶುರು ಮಾಡಿದ.